ಇಬ್ಬರಿಗೂ ಸಿಗುವ ಕಾಲೇಜು

ವಾಡಿ
೧೪-೮-೧೯೯೮

ಪ್ರೀತಿಯ ಪದ್ಮಶ್ರೀ,

ನಿನ್ನ ಮೂರೂ ಪತ್ರ ಬಂದಿವೆ. ಉತ್ತರ ಬರೆಯಲಿಲ್ಲವೆಂದು ಬಯ್ಯುತ್ತಿರುವೆ, ಗೊತ್ತು. ಪೂರ್ತಿ ಓದಿದ ಮೇಲೆ ಇನ್ನೂ ಜಾಸ್ತಿ ಬಯ್ಯುವೆಯಂತೆ. ಹಾಸ್ಟೆಲಿನಲ್ಲಿ ನನಗೆಂದು ಹಿಡಿದಿಟ್ಟ ಮಂಚವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು. ನಾನು ಬರುವುದಿಲ್ಲ.

ಇಂಜಿನಿಯರಿಂಗ್ ಸೀಟಿನ ಕೌನ್ಸೆಲಿಂಗಿಗೆ ನಾನು ಬೆಂಗಳೂರಿಗೆ ಹೋಗಲೇ ಇಲ್ಲ. ಮದುವೆ ಗೊತ್ತಾಗಿದೆ. ವರ ಗುಂಡಗುರ್ತಿಯ ಸಿದ್ದಲಿಂಗೇಶ, ಅವ್ವನ ಕಡೆಯ ದೂರದ ಸಂಬಂಧ, ಪಂಚಾಯತಿಯಲ್ಲಿ ನೌಕರಿ. ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅಪ್ಪನ ಮುಂದೆ ಕಾಲೇಜಿನ ಮಾತು ತೆಗೆದೆ. "ಓದಬ್ಯಾಡ ಅಂತ ಯಾರಂದಾರವ್ವ? ಲಗ್ನ ಆದಮ್ಯಾಲ ಅವರೇ ಓದಸ್ತಾರ" ಎಂದು ಅಕ್ಕರೆಯಿಂದಲೇ ಹೇಳಿದ. ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಹಸಿವಾಯಿತು, ಉಂಡೆ. ನನ್ನ ಸತ್ಯಾಗ್ರಹ ಅಷ್ಟೇ.

ನನ್ನ ಗೋಳು ಇರಲಿ. ನಿನ್ನ ರ‍್ಯಾಂಕಿಗೆ ಬೆಂಗಳೂರಿನ ದೊಡ್ಡ ಕಾಲೇಜೇ ಸಿಗುತ್ತಿತ್ತು. ನನ್ನದು ನಿನಗಿಂತ ಏಳು ಸಾವಿರ ಹಿಂದೆ, ಸರದಿಯೂ ಎಂಟು ದಿನ ಹಿಂದೆ. ಇಬ್ಬರಿಗೂ ಸಿಗುವಂಥದು ಆ ಸಣ್ಣ ಕಾಲೇಜೊಂದೇ ಎಂದು ಪಿಯುಸಿ ಬೆಂಚಿನ ಮೇಲೆ ಗೀಚಿ ತೋರಿಸಿದವಳು ನೀನೇ. ಆದರೂ ನಿನ್ನ ಸರದಿಯ ದಿನ ಬೆಂಗಳೂರಿನ ಬೂತಿನಿಂದ ನಮ್ಮ ಪಕ್ಕದ ಅಖ್ತರ ಬೇಗಂ ಮನೆಗೆ ಫೋನ್ ಮಾಡಿ ನೀನು ಕೇಳಿದೆ: "ಐಶೂ, ಖರೇನ ಬರ್ತಿ ಹೌದಿಲ್ಲ? ಇನ್ನೊಂದು ತಾಸಿಗೆ ನನ್ನ ನಂಬರ್ ಬರ್ತದ." ಬರ್ತೀನಿ, ತಗೋ ಎಂದೆ ನಾನು. ನೀನು ತಗೊಂಡೆ. ದೊಡ್ಡ ಕಾಲೇಜು ಬಿಟ್ಟೆಯೆಂದು ನಿಮ್ಮ ತಂದೆ ಆದಿತ್ಯನಗರದ ನಿಮ್ಮ ಮನೆ ಮುಟ್ಟುವ ತನಕ ರೈಲಿನಲ್ಲಿ ಬೇರೆ ಡಬ್ಬಿಯಲ್ಲಿ ಕುಳಿತು ಬಂದರಂತೆ.

ಆಮೇಲೆ ನೀನು ನಮ್ಮ ಮನೆಗೆ ಬರುವ ಸುದ್ದಿ ತಿಳಿದು ಬೇಕೆಂದೇ ನಾನು ರಾವೂರಿನ ಕಾಕಾನ ಮನೆಗೆ ಹೋಗಿ ಕುಳಿತೆ. ಮದುವೆಯ ಮಾತು ನಾನೇ ಹೇಳುತ್ತೇನೆಂದು ಅವ್ವನ ಬಾಯಿ ಕಟ್ಟಿದ್ದೆ.

ಬೆಂಗಳೂರಿನ ಆ ಸೀಟು ಈಗ ಯಾರದೋ ಪಾಲಾಗಿದೆ. ನಾಲ್ಕು ವರ್ಷ ಆ ಸಣ್ಣ ಕಾಲೇಜಿನಲ್ಲಿ ನೀನೊಬ್ಬಳೇ, ಅದೂ ನನ್ನ ಸಲುವಾಗಿ. ನಾನೇನು ಮಾಡಲಿ, ಪದ್ದೂ? ಏನೂ ತೋಚುತ್ತಿಲ್ಲ. ಲಗ್ನಪತ್ರಿಕೆ ಬರುತ್ತದೆ. ನೀನು ಬರಬೇಡ, ನಿನ್ನ ಮುಖ ನೋಡಲಾರೆ.

ನಿನ್ನವಳೇ ಆದ,
ಐಶ್ವರ್ಯ

ತಾ.ಕ.: ನೀನು ಫೋನ್ ಮಾಡಿದ ಮೇಲೆ ಮದುವೆ ಗೊತ್ತಾಯಿತೆಂದು ನೀನು ತಿಳಿದುಕೊಳ್ಳಲಿ ಎಂದೇ ಯಾವಾಗ ಗೊತ್ತಾಯಿತೆಂದು ಮೇಲೆ ಬರೆಯಲಿಲ್ಲ. ಹಾಗಲ್ಲ. ಫೋನಿನ ಹಿಂದಿನ ದಿನವೇ ಗುಂಡಗುರ್ತಿಯವರು ಬಂದು, ಸಂಬಂಧ ಗಟ್ಟಿಯೆಂದು ನನಗೆ ಸಕ್ಕರೆ ತಿನ್ನಿಸಿ ಹೋಗಿದ್ದರು. ಫೋನಿನ ಹತ್ತಿರ ಯಾರೂ ಇರಲಿಲ್ಲ, ಹೇಳಬಹುದಿತ್ತು. ಆದರೆ ಆ ಇಡೀ ವಾರದಲ್ಲಿ ನನ್ನನ್ನು ಒಂದು ಮಾತು ಕೇಳಿದವಳು ನೀನೊಬ್ಬಳೇ. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.