ಎರಡೇ ಬಾಗಿಲಿನ ಪ್ರಶ್ನೆ

ಚಿತ್ತಾಪುರ
ರವಿವಾರ, 22 ಫೆಬ್ರವರಿ 2026

ಪ್ರೀತಿಯ ವಿಜಯಶ್ರೀಗೆ,

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನಿನ್ನೆ ಶನಿವಾರ ಸಾಯಂಕಾಲ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಈ ಮನೆಯ ಪಡಸಾಲೆಯಲ್ಲಿ, ನಿನ್ನ ಪತಿಯಾದ ಪಾಂಡುರಂಗನೆಂಬ ಐವತ್ತಮೂರು ವರ್ಷದ ಗುಮಾಸ್ತನು ಇನ್ನೂರು ಪುಟದ ನೋಟ್‌ಬುಕ್ಕೊಂದಕ್ಕೆ ಯಾರ ಸಹಾಯವೂ ಇಲ್ಲದೆ ಖಾಕಿ ಕಾಗದದ ಹೊದಿಕೆ ಹಾಕಿರುತ್ತಾನೆ. ಮೂರು ಮೂಲೆ ನೆಟ್ಟಗೆ ಕೂತಿವೆ. ನಾಲ್ಕನೆಯದರ ಬಗ್ಗೆ ವಿಚಾರಣೆ ನಡೆದಿದೆ. ಲೇಬಲ್ಲಿನ ಮೇಲೆ ಹೆಸರು ಬರೆದು, ವಿಷಯ ಎಂಬಲ್ಲಿ ‘ಕ್ವಾಂಟಂ ಮೆಕ್ಯಾನಿಕ್ಸ್’ ಎಂದು ಬರೆದೆ. ತರಗತಿ ಎಂಬಲ್ಲಿ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ಮೊದಲು ನಿನ್ನ ಆರೋಗ್ಯ. ‘ಆರಾಮ ಇದ್ದೀಯಾ’ ಎಂದು ಕೇಳುವುದಿಲ್ಲ. ಅದಕ್ಕೆ ‘ಹೂಂ’ ಎಂಬ ಉತ್ತರ ಮೊದಲೇ ಅಚ್ಚಾಗಿರುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬಿಡಿಬಿಡಿಯಾಗಿಯೇ ಕೇಳುತ್ತೇನೆ. ಕಾಲೇಜಿನ ಮೆಟ್ಟಿಲಿಗೆ ನಿನ್ನ ಎಡ ಮೊಣಕಾಲು ಏನನ್ನುತ್ತದೆ? ದಿನಕ್ಕೆ ನಾಲ್ಕು ಪಿರಿಯಡ್ ನಿಂತು ಪಾಠ ಮಾಡಿ ಬಂದ ಮೇಲೆ ಗಂಟಲಿಗೆ ಏನು ಕುಡಿಯುತ್ತೀ? ಮನೆಯೊಡತಿ ಉಮಾದೇವಿಯವರು ಕೊಡುವ ಖಾರದ ಪುಂಡಿಪಲ್ಯವನ್ನು ಹೊಟ್ಟೆ ಹೇಗೆ ತಾಳಿಕೊಂಡಿದೆ? ನನ್ನದು ಹೇಳುವುದಾದರೆ ಬಿಪಿ ಇದ್ದಲ್ಲೇ ಇದೆ, ಹೊಟ್ಟೆ ಎರಡಿಂಚು ಇಳಿದಿದೆ. ಕಚೇರಿಯಲ್ಲಿ ಎಲ್ಲರೂ ಯೋಗ ಎಂದುಕೊಂಡಿದ್ದಾರೆ. ನನ್ನ ಕೈಯಡುಗೆ ಎಂದು ನಾನು ಯಾರಿಗೂ ಹೇಳಿಲ್ಲ.

ಇಷ್ಟು ವಯಸ್ಸಾದ ಮೇಲೆ ಕ್ವಾಂಟಂ ಯಾಕೆ ಎಂದು ನೀನು ಕೇಳಬಹುದು. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ನೀನು ಉಪ್ಪಿಟ್ಟಿನ ತಟ್ಟೆ ನನ್ನ ಮುಂದಿಟ್ಟು, ನಾವು ನೋಡುವ ಮೊದಲು ಒಂದು ಕಣ ಎಲ್ಲಿರುತ್ತದೆ ಗೊತ್ತೇನ್ರಿ ಎಂದು ಕಣ್ಣರಳಿಸಿ ಶುರು ಮಾಡಿದ್ದೆ. ಅದು ಎಲ್ಲಿದ್ದರೂ ಇರಲಿ, ಈ ಉಪ್ಪಿಟ್ಟಿನಲ್ಲಿ ಉಪ್ಪು ಎಲ್ಲಿದೆ ಎಂದು ನಾನು ಕೇಳಿದೆ. ಪಕ್ಕದಲ್ಲಿದ್ದ ನನ್ನಕ್ಕ ಲೀಲಾಬಾಯಿ ಬಿದ್ದು ಬಿದ್ದು ನಕ್ಕಳು. ನೀನೂ ನಕ್ಕೆ. ಆದರೆ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಹೆಂಡತಿಯ ತಲೆಯಲ್ಲಿ ಏನು ಓಡುತ್ತಿತ್ತು ಎಂಬುದು ಒಂದು ಚಿಟಿಕೆ ಉಪ್ಪಿನ ಕಾರಣಕ್ಕೆ ನನಗೆ ಗೊತ್ತಾಗದೆ ಹೋಯಿತು.

ಹಾಗಾಗಿ ಡಿಸೆಂಬರಿನಲ್ಲಿ ವಾಡಿಗೆ ಹೋಗಿ ಅಬ್ದುಲ್ ಗನಿ ಸರ್ ಅವರ ಬಾಗಿಲು ತಟ್ಟಿದೆ. ಶಹಾಬಾದಿನ ಕಾಲೇಜಿನಲ್ಲಿ ನಿನಗೆ ಭೌತಶಾಸ್ತ್ರ ಕಲಿಸಿದ ಅದೇ ಸರ್; ಈಗ ನಿವೃತ್ತರು. ನಿನ್ನ ಹೆಸರು ಹೇಳಿದ ಕೂಡಲೇ ಒಳಗೆ ಕರೆದು, ಎರಡನೇ ಬೆಂಚು, ಕಿಟಕಿ ಕಡೆ ಎಂದರು. ನಾನು ನಿನ್ನ ಗಂಡ ಎಂದ ಮೇಲೆ ಮುಖದಲ್ಲಿದ್ದ ಸಂತೋಷ ಸ್ವಲ್ಪ ಕಡಿಮೆಯಾದಂತೆ ಕಂಡಿತು, ನನ್ನ ಭ್ರಮೆಯೂ ಇರಬಹುದು. ಅಂದಿನಿಂದ ಪ್ರತಿ ರವಿವಾರ ಬೆಳಗಿನ ಪ್ಯಾಸೆಂಜರ್ ಹಿಡಿದು ವಾಡಿಗೆ ಹೋಗುತ್ತೇನೆ. ಅವರ ಮನೆಯಲ್ಲಿ ಕರಿಹಲಗೆ ಇಲ್ಲ. ನೆಲದ ಫರಸಿಕಲ್ಲಿನ ಮೇಲೆಯೇ ಸೀಮೆಸುಣ್ಣದಿಂದ ಬರೆಯುತ್ತಾರೆ. ಪಾಠ ಮುಂದುವರಿದಂತೆ ಗುರುಗಳು ಮುಂದಕ್ಕೆ, ಶಿಷ್ಯ ಹಿಂದಕ್ಕೆ ಸರಿಯುತ್ತಾ ಅಡುಗೆಮನೆಯ ಹೊಸ್ತಿಲು ಮುಟ್ಟಿದಾಗ ಅಂದಿನ ತರಗತಿ ಮುಗಿದಂತೆ.

ಮೊದಲ ಪಾಠ, ಬೆಳಕು ಇಡಿಇಡಿಯಾಗಿ ಬರುತ್ತದೆ, ಮುರಿದು ಕೊಡುವುದಿಲ್ಲ ಎಂಬುದು. ವಾಡಿ ಸ್ಟೇಷನ್ನಿನ ಚಹಾದಂತೆ ಫುಲ್ಲು ಇದೆ, ಅರ್ಧ ಕಪ್ಪಿನ ಕಟ್ ಇಲ್ಲ ಎಂದು ಸರ್ ಹೇಳಿದರು. ಇದು ನನಗೆ ತಕ್ಷಣ ಹತ್ತಿತು. ಎರಡನೆಯದೇ ಹತ್ತಲಿಲ್ಲ. ಒಂದು ಕಣ ನಾವು ಅಳೆಯುವ ಮೊದಲು ಇಲ್ಲೂ ಅಲ್ಲ, ಅಲ್ಲೂ ಅಲ್ಲ, ಎರಡೂ ಸಾಧ್ಯತೆ ಕೂಡಿಕೊಂಡ ಸ್ಥಿತಿಯಲ್ಲಿರುತ್ತದೆ ಎಂದರು. ನಾನು ಮೂವತ್ತು ವರ್ಷದ ಸೇವಾನುಭವದಿಂದ ಒಂದು ಉದಾಹರಣೆ ಕೊಟ್ಟೆ: ಬೀಗ ಹಾಕಿದ ಕಪಾಟಿನಲ್ಲಿ ಫೈಲು ಇರುತ್ತದೆ ಅಥವಾ ಇರುವುದಿಲ್ಲ, ತೆಗೆದಾಗ ನಮಗೆ ಗೊತ್ತಾಗುತ್ತದೆ, ಅಷ್ಟೇ ತಾನೇ? ಸರ್ ಸೀಮೆಸುಣ್ಣ ಕೆಳಗಿಟ್ಟರು. “ಅಲ್ರಿ ರಾವ್‌ಸಾಬ್. ಫೈಲ್ ಎಲ್ಲದ ಅಂತ ನಿಮಗ ಗೊತ್ತಿಲ್ಲ, ಫೈಲ್ ಮಾತ್ರ ಎಲ್ಲೋ ಒಂದ್ ಕಡಿ ಅದ. ಇಲ್ಲಿ ಹಂಗಲ್ಲ. ಅದು ಯಾವ ಕಡಿ ಅಂತ ಇನ್ನಾ ಆಗೇ ಇಲ್ಲ.”

ಗೊತ್ತಿಲ್ಲದಿರುವುದು ಬೇರೆ, ಇನ್ನೂ ಆಗದಿರುವುದು ಬೇರೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೂರು ವಾರ ಒದ್ದಾಡಿದೆ. ಕಚೇರಿಯಲ್ಲಿ ನಾವು ನೋಡಿದ್ದೆಲ್ಲ ಮೊದಲನೆಯ ಜಾತಿ. ಎರಡನೆಯದಕ್ಕೆ ನಮ್ಮಲ್ಲಿ ಕಾಲಮ್ಮೇ ಇಲ್ಲ.

ಇವತ್ತು ಬೆಳಿಗ್ಗೆ ಬೆಳ್ಳಿಯ ಪಾಠವಾಯಿತು. ನೀನು ಇದನ್ನು ನೂರು ಸಲ ಹೇಳಿಕೊಟ್ಟಿರುತ್ತೀ, ಆದರೂ ನಾನು ಕಲಿತದ್ದು ಸರಿಯೋ ಎಂದು ಒಪ್ಪಿಸುತ್ತೇನೆ, ಕೇಳಿಸಿಕೋ. ಬೆಳ್ಳಿಯ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತವಿದ್ದಂತೆ. ಬೆಳ್ಳಿಯನ್ನು ಕಾಯಿಸಿ ಆವಿಯಾಗಿಸುವ ಒಲೆಯಿಂದ ಅವು ಹೊರಟಾಗ ಯಾವ ದಿಕ್ಕಿಗೆ ಬೇಕಾದರೂ ವಾಲಿರಬಹುದು ಎಂದುಕೊಳ್ಳುತ್ತೇವೆ. ಅವನ್ನು ಒಂದು ದೊಡ್ಡ ಅಯಸ್ಕಾಂತದ ನಡುವೆ ಹಾಯಿಸಿದರೆ ಪರದೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಹರಡಿದ ಪಟ್ಟೆ ಮೂಡಬೇಕು. ಮೂಡುವುದಿಲ್ಲ. ಎರಡೇ ಕಲೆ: ಒಂದು ಮೇಲೆ, ಒಂದು ಕೆಳಗೆ. ನಡುವೆ ಏನೂ ಇಲ್ಲ. ಮೇಲೆ ಹೋದವನ್ನು ಮತ್ತೆ ಅದೇ ಥರದ ಅಯಸ್ಕಾಂತಕ್ಕೆ ಕಳಿಸಿದರೆ ಎಲ್ಲವೂ ಮೇಲೆಯೇ ಹೋಗುತ್ತವೆ. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಯಾಕೆ ಹೀಗೆ ಎಂದೆ. ಸರ್ ಹೇಳಿದರು: “ಎರಡೇ ಬಾಗಿಲಿಟ್ಟು ಕೇಳಿದ್ರ ಎರಡ್ರಾಗ ಒಂದ್ ಬಾಗಿಲದಾಗೇ ಬರ್ತದ. ಅದರ ತಪ್ಪಲ್ಲ. ನೀವ್ ಕೇಳಿದ್ದೇ ಹಂಗ.”

ವಿಜೂ, ಅಲ್ಲಿಯವರೆಗೆ ಅದು ಬೆಳ್ಳಿಯ ಪಾಠವಾಗಿತ್ತು.

ಕಳೆದ ಜೂನಿನ ದ್ವಾದಶಿ ಬೆಳಿಗ್ಗೆ ನಿನಗೂ ನೆನಪಿದೆ. ಹನ್ನೊಂದು ಜನ ಪಾರಣೆಗೆ ಕೂತಿದ್ದೆವು. ನೀನು ಅಗಸೆಸೊಪ್ಪಿನ ಪಲ್ಯ ಬಡಿಸುತ್ತಿದ್ದೆ. ಹಿಂದಿನ ದಿನವಷ್ಟೇ ನಿನಗೆ ಚಿಂಚೋಳಿಯ ಪಿಯು ಕಾಲೇಜಿಗೆ ನೇಮಕದ ಆದೇಶ ಬಂದಿತ್ತು, ಹದಿನಾರು ವರ್ಷ ಖಾಸಗಿ ಶಾಲೆಯಲ್ಲಿ ಮಣ್ಣು ಹೊತ್ತ ಮೇಲೆ. ಅಕ್ಕ ಏನು ಮಾಡ್ತೀಯವ್ವಾ ಎಂದು ಕೇಳಿದಳು. ನೀನು ಸೌಟು ಹಿಡಿದೇ ಹೇಳಿದೆ: “ಇನ್ನಾ ಮನಸಿನ್ಯಾಗ ಎರಡೂ ನಡದಾವ್ರಿ ಅಕ್ಕಾ. ಸೇಡಂ ಮ್ಯಾಲೆ ಹಾದು ವಾರಕ್ಕೊಮ್ಮೆ ಬಂದು ಹೋಗ್ಲಿಕ್ಕೆ ಆಗ್ತದೇನೋ, ನೋಡ್ಬೇಕು.” ಆಗ ನಾನು, ಈ ಮನೆಯ ಆಸ್ಥಾನ ವಿದೂಷಕ, ಬಾಯಿ ಹಾಕಿದೆ. “ಸರಕಾರಿ ಫಾರಮ್ಮಿನ್ಯಾಗ ‘ನೋಡ್ಬೇಕು’ ಅನ್ನೋ ಕಾಲಂ ಇರಂಗಿಲ್ಲ. ಹೋಗ್ತೀಯೋ, ಇಲ್ಲೇ ಇರ್ತೀಯೋ? ಕಡ್ಡಿ ಮುರದಂಗ ಹೇಳು.” ಪಂಕ್ತಿಯೆಲ್ಲ ನಕ್ಕಿತು. ಆ ನಗು ನನಗೆ ಪಲ್ಯಕ್ಕಿಂತ ರುಚಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ನೀನು ನನ್ನ ಎಲೆಗೆ ಇನ್ನೊಂದು ಸೌಟು ಬಡಿಸಿ, “ಹೋಗ್ತೀನ್ರಿ” ಎಂದೆ.

ನೀನು ಮೊದಲೇ ನಿರ್ಧಾರ ಮಾಡಿದ್ದೆ, ನನ್ನಿಂದ ಮುಚ್ಚಿಟ್ಟಿದ್ದೆ, ಎಂದೇ ಎಂಟು ತಿಂಗಳು ತಿಳಿದುಕೊಂಡಿದ್ದೆ. ಬೀಗ ಹಾಕಿದ ಕಪಾಟು, ಒಳಗೆ ಫೈಲು. ಅದರ ಸಿಟ್ಟಿನಲ್ಲಿಯೇ ನಾಲ್ಕು ಸಲ ಫೋನ್ ಮಾಡಿ ವಾಪಸ್ ಬರ್ತೀಯೋ ಇಲ್ಲೋ ಎಂದು ಕೇಳಿದೆ. ನಾಲ್ಕು ಸಲವೂ ನೀನು ಇಲ್ರಿ ಎಂದೆ. ಭೌತಶಾಸ್ತ್ರದ ಪ್ರಕಾರ ಇದು ಅತ್ಯಂತ ಸಮರ್ಪಕವಾದ ಫಲಿತಾಂಶ. ದೀಪಾವಳಿಗೆ ನೀನು ಶಹಾಬಾದಿನ ತವರಿಗೆ ಬಂದು ಹಾಗೇ ಚಿಂಚೋಳಿಗೆ ತಿರುಗಿದೆ. ಆ ದ್ವಾದಶಿಯ ದಿನ ಬಂದು ಹೋಗುವ ದಾರಿಯನ್ನು ನೀನು ಹುಡುಕುತ್ತಲೇ ಇದ್ದೆ. ಹುಡುಕುವಾಗಲೇ ಎರಡು ಬಾಗಿಲು ನಿಲ್ಲಿಸಿ, ಹನ್ನೊಂದು ಜನರ ಮುಂದೆ, ಒಂದರಲ್ಲಿ ನಿನ್ನನ್ನು ಹೊರಗೆ ಕಳಿಸಿದವನು ನಾನು.

ಇದನ್ನೆಲ್ಲ ಸರ್ ಮುಂದೆ ಹೇಳಿಬಿಟ್ಟೆ. ಅವರು ಕೈಯ ಸುಣ್ಣ ಒರೆಸಿಕೊಂಡು, ಇದನ್ನು ಮನುಷ್ಯರಿಗೆ ಹಚ್ಚಬ್ಯಾಡ್ರಿ, ಇದು ಭಾಳ ಸಣ್ಣ ಸಣ್ಣ ವಸ್ತುವಿನ ಶಾಸ್ತ್ರ ಎಂದರು. ನಾನೂ ಭಾಳ ಸಣ್ಣಾವನೇ ಇದ್ದೀನ್ರಿ ಸರ್ ಎಂದೆ. ಅವರು ನಗಲಿಲ್ಲ. ನನ್ನ ಜೀವಮಾನದಲ್ಲಿ ಯಾರೂ ನಗದೇ ಇದ್ದದ್ದಕ್ಕೆ ನಾನು ಸಮಾಧಾನಪಟ್ಟದ್ದು ಅದೇ ಮೊದಲು. ಆಮೇಲೆ ಅವರು ನೆಲದ ಮೇಲೆ ಇನ್ನೊಂದು ಚಿತ್ರ ಬರೆದರು. ಮೇಲೆ ಹೋದ ಬೆಳ್ಳಿಯನ್ನು ಅಡ್ಡ ತಿರುಗಿಸಿದ ಅಯಸ್ಕಾಂತಕ್ಕೆ ಕಳಿಸಬೇಕಂತೆ, ಅಂದರೆ ಮೇಲೋ ಕೆಳಗೋ ಎಂದು ಕೇಳದೆ ಬೇರೆಯೇ ಪ್ರಶ್ನೆ ಕೇಳಬೇಕಂತೆ. ಅದನ್ನು ದಾಟಿ ಬಂದ ಬೆಳ್ಳಿಗೆ ತಾನು ಹಿಂದೆ ‘ಮೇಲೆ’ ಎಂದಿದ್ದೆ ಎಂಬುದೇ ಉಳಿದಿರುವುದಿಲ್ಲ. ಹಳೆಯ ಉತ್ತರ ಹೋಗಿ, ಎರಡೂ ಮತ್ತೆ ಸಾಧ್ಯವಾಗಿರುತ್ತವೆ. ಗುರುಗಳು ಅಷ್ಟು ಬರೆಯುವ ಹೊತ್ತಿಗೆ ನಾನು ಅಡುಗೆಮನೆಯೊಳಗೆ ಕೂತಿದ್ದೆ.

ಇದು ನನಗೆ ಹೊಸದೂ ಅನ್ನಿಸಲಿಲ್ಲ. ಹೋದ ವಾರ ಗುಂಡಗುರ್ತಿಯಿಂದ ಮರೆಮ್ಮ ಎಂಬ ಮುದುಕಿ ಕಚೇರಿಗೆ ಬಂದಿದ್ದಳು. ಅರ್ಜಿಯಲ್ಲಿ ಸ್ವಂತ ಜಮೀನು ಇದೆಯೇ, ಹೌದು ಅಥವಾ ಇಲ್ಲ ಎಂದಿತ್ತು. “ಅದ ಅಂದ್ರ ಅದ, ಇಲ್ಲಂದ್ರ ಇಲ್ಲಪ್ಪ” ಎಂದಳು. ಮೊದಲಿನ ಪಾಂಡುರಂಗನಾಗಿದ್ದರೆ, ಅವ್ವಾ, ಒಂದು ಹೇಳು, ನನ್ನ ತಲಿ ತಿನ್ನಬ್ಯಾಡ ಎಂದು ಸಾಲಿನ ಕೊನೆಗೆ ಅಟ್ಟುತ್ತಿದ್ದ. ಆದರೆ ಇವು ‘ಇನ್ನೂ ಆಗದಿರುವುದ’ಕ್ಕೆ ನಾನು ಕಾಲಂ ಹುಡುಕುತ್ತಿದ್ದ ದಿನಗಳು. ಬಾಯಿಂದ ತಾನಾಗಿಯೇ, ಈ ಸಲ ಏನ್ ಬೆಳದೀ ಎಂದು ಬಂದುಬಿಟ್ಟಿತು. ಅವಳು ಅಲ್ಲೇ ನೆಲಕ್ಕೆ ಕೂತು ಹೇಳತೊಡಗಿದಳು. ತೊಗರಿ ಬೆಳೆದದ್ದು, ಅಪ್ಪ ಬಾಯಿಮಾತಿನಲ್ಲಿ ಕೊಟ್ಟ ಹೊಲ, ಕಾಗದದ ಮೇಲೆ ಇನ್ನೂ ಅಣ್ಣನ ಹೆಸರಿರುವುದು, ಇಪ್ಪತ್ತು ವರ್ಷದಿಂದ ತಾನೇ ಉಳುತ್ತಿರುವುದು. ಅವಳು ಹೇಳಿದ್ದು ಮೊದಲಿನಿಂದಲೂ ನಿಜವಾಗಿತ್ತು. ನಾವು ಕೇಳಿದ್ದೇ ವಕ್ರ. ಅವಳಿಗೆ ಬೇಕಾದದ್ದು ಬೇರೆಯೇ ಅರ್ಜಿ, ಅದನ್ನು ಬರೆದುಕೊಟ್ಟೆ.

ಇನ್ನೊಂದು ಸುದ್ದಿ. ಅಕ್ಕ ಶುಕ್ರವಾರ ಬಂದಿದ್ದಳು. ಯುಗಾದಿಯೊಳಗೆ ಈ ಕಡೆ ಅಥವಾ ಆ ಕಡೆ ಆಗಿಹೋಗಲಿ ಎಂದು ನನ್ನ ಮೊಬೈಲ್ ಎತ್ತಿಕೊಂಡು ನಿನಗೆ ಫೋನ್ ಹಚ್ಚಲು ಹೊರಟಳು. ಯಾಕೆಂದು ಆಗ ನನಗೇ ಪೂರ್ತಿ ತಿಳಿದಿರಲಿಲ್ಲ, ಕೈಯಿಂದ ಕಸಿದುಕೊಂಡೆ. ಹುಟ್ಟಿದಾಗಿನಿಂದ ಅಕ್ಕನ ಕೈಯಿಂದ ನಾನು ಕಸಿದುಕೊಂಡ ಮೊದಲ ವಸ್ತು ಅದು. ಅವಳು ಚಹಾ ಕುಡಿಯದೆ ಹೋದಳು. ನಾಳೆ ಹೋಗಿ ಕಾಲು ಹಿಡಿಯುತ್ತೇನೆ, ಆದರೆ ಆ ಪ್ರಶ್ನೆಯನ್ನು ಇನ್ನು ಈ ಮನೆಯಿಂದ ಯಾರೂ ನಿನಗೆ ಕೇಳುವುದಿಲ್ಲ. ಡಿಸೆಂಬರಿನ ನಂತರ ನಾನು ಫೋನ್ ಮಾಡದೇ ಇರುವುದೂ ಅದೇ ಪ್ರಶ್ನೆ ಬಂದುಬಿಟ್ಟೀತೆಂಬ ಭಯಕ್ಕೇ. ಫೋನು ಕಿವಿಗಿಟ್ಟರೆ ಬಾಯಿಗೆ ಹಳೆಯ ಚಟ. ಕಾಗದದಲ್ಲಾದರೆ ಬರೆದು ಹೊಡೆದುಹಾಕಬಹುದು. ಈ ಪತ್ರದಲ್ಲಿ ಮೂರು ಕಡೆ ಹೊಡೆದುಹಾಕಿದ್ದೇನೆ, ಬೆಳಕಿಗೆ ಹಿಡಿದು ಓದಬೇಡ.

ಉಮಾದೇವಿಯವರಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಪದ್ಧತಿಯಂತೆ ಆಶೀರ್ವಾದ ಬರೆಯಬೇಕು. ಆದರೆ ನಿನ್ನ ವಿಷಯದಲ್ಲಿ ಈಗಷ್ಟೇ ಅಕ್ಷರಾಭ್ಯಾಸ ಮಾಡಿದವನು ಯಾವ ಮುಖದಿಂದ ಹರಸಲಿ? ನಿನ್ನ ಮೊಣಕಾಲನ್ನು ರಾಯರು ನೋಡಿಕೊಳ್ಳಲಿ, ತಪ್ಪುಗಳನ್ನು ನೀನು ತಿದ್ದು.

ನಿನ್ನ
ಪಾಂಡುರಂಗ

ತಾ.ಕ.: ಕತ್ತಲಾಗುವ ಮೊದಲು ಅಂಚೆ ಡಬ್ಬಿಗೆ ಹಾಕಿಬರಬೇಕು, ಬೇಗ ಬರೆಯುತ್ತೇನೆ. ನೀನು ಹೋಗುವಾಗ ತುಂಬಿಸಿಟ್ಟಿದ್ದ ಎರಡು ಗ್ಯಾಸ್ ಸಿಲಿಂಡರುಗಳಲ್ಲಿ ಎರಡನೆಯದೂ ಇವತ್ತು ಮುಗಿಯಿತು. ಗ್ಯಾಸಿನ ಪುಸ್ತಕ ನಿನ್ನ ಹೆಸರಿನಲ್ಲಿದೆ, ಮೊಬೈಲ್ ನಂಬರೂ ನಿನ್ನದೇ. ಸಿಲಿಂಡರ್ ತರುವ ಚಾಂದ್ ದಾರಿಯಲ್ಲಿ ಸಿಕ್ಕಿದ್ದ. ಒಂದು ಫಾರಂ ತುಂಬಿದರೆ ಹೆಸರು, ನಂಬರು ಎರಡೂ ನನ್ನವಾಗುತ್ತವಂತೆ. ಬೇಡ ಎಂದೆ. ಬರುವ ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವನು ಬರುತ್ತಾನೆ, ಅಂದು ನಿನ್ನ ಮೊಬೈಲಿಗೆ ಓಟಿಪಿಯ ನಾಲ್ಕು ಅಂಕಿ ಬಂದಿರುತ್ತವೆ, ಅವನ್ನು ಹೇಳದೆ ಅವನು ಸಿಲಿಂಡರ್ ಕೊಡುವಂತಿಲ್ಲ. ತರಗತಿ ಮುಗಿದ ಮೇಲೆ ಫೋನ್ ಮಾಡಿ ಅವನ್ನು ಹೇಳು, ಅಲ್ಲಿಯವರೆಗೆ ಚಾಂದ್‌ನನ್ನು ಮಾತಾಡಿಸುತ್ತಾ ಕೂರಿಸಿಕೊಂಡಿರುತ್ತೇನೆ. ನಾನು ಬೇರೇನೂ ಕೇಳುವುದಿಲ್ಲ. ಅವಸರ ಬೇಡ, ಒಂದೊಂದೇ ಅಂಕಿ ನಿಧಾನವಾಗಿ ಹೇಳು.