ಹಳೆಯ ಹಸಿರು

ಮಾರ್ಚ್ 3, ಮಂಗಳವಾರ

ಬೆಳಿಗ್ಗೆಯೇ ಅಕ್ಕನ ಫೋನು, ಆಸ್ಪತ್ರೆಯಿಂದ. ನರ್ಸುಗಳಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲದ ಹೊತ್ತು. ಆದರೂ ಮಾಡಿದ್ದಾಳೆ.

“ಏನ್ ಮಾಯ ಮಾಡ್ದೆ ಕಣೇ? ಒತ್ತೋದೇ ತಡ, ಉತ್ತರ ಬರ್ತಿದೆ. ಮೊದ್ಲು ಸ್ಕ್ರೀನಲ್ಲಿ ಆ ಚಕ್ರ ತಿರುಗೋದು ನೋಡ್ತಾ ನೋಡ್ತಾ ನಂಗೇ ತಲೆ ತಿರುಗ್ತಿತ್ತು. ನನ್ ತಂಗಿ ಮಾಡಿದ್ದು ಅಂತ ವಾರ್ಡಿಗೆಲ್ಲ ಸಾರಿದೀನಿ.”

ಶುಕ್ರವಾರ ಆಸ್ಪತ್ರೆಯ ಆಡಳಿತ ಮಂಡಳಿಗೆ ಇದನ್ನೇ ಸರಳವಾಗಿ ವಿವರಿಸಬೇಕಂತೆ. ಇಲ್ಲೇ ಒಮ್ಮೆ ಹೇಳಿ ನೋಡುತ್ತೇನೆ — ಈ ರೋಗಿಗೆ ಈ ಔಷಧಿ ಕೊಡಬಹುದೇ ಎಂದು ನರ್ಸ್ ಕೇಳಿದರೆ, ನಮ್ಮ ಸಾಫ್ಟ್‌ವೇರ್ ಸಾವಿರಾರು ರೂಲ್‌ಗಳನ್ನು ತಡಕಾಡಿ ಹಸಿರೋ ಕೆಂಪೋ ತೋರಿಸುತ್ತದೆ. ಕೊಟ್ಟ ಉತ್ತರವನ್ನು ಕ್ಯಾಷ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಎತ್ತಿಟ್ಟುಕೊಂಡರೆ ಮತ್ತೆ ತಡಕಾಡುವುದು ತಪ್ಪುತ್ತದೆ. ಆದರೆ ಫಾರ್ಮಸಿಯವರು ಒಂದೇ ಒಂದು ರೂಲ್ ಮುಟ್ಟಿದರೂ ಎತ್ತಿಟ್ಟದ್ದನ್ನೆಲ್ಲ ಎಸೆಯಬೇಕಾಗುತ್ತಿತ್ತು. ಈಗ ಯಾವುದನ್ನು ಎಸೆಯಬೇಕು, ಯಾವುದನ್ನು ಉಳಿಸಿಕೊಳ್ಳಬಹುದು ಎಂದು ನಾನು ಮಾಡಿದ ಎಐ ಮಾಡೆಲ್ ಊಹಿಸುತ್ತದೆ. ದಿನವೂ ಹಿಂದಿನ ಉತ್ತರಗಳನ್ನು ಓದಿ ಕಲಿಯುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಸರಿ.

ಸಾಕು, ಇಷ್ಟು ಹೇಳಿದರೆ ಅರ್ಥವಾಗುತ್ತದೆ. ನಿಜಕ್ಕೂ ಹೆಮ್ಮೆಯಾಗುತ್ತಿದೆ.

ಮಾರ್ಚ್ 4, ಬುಧವಾರ

ಆಸ್ಪತ್ರೆಯ ಫಾರ್ಮಸಿಸ್ಟ್ ಫೋನ್ ಮಾಡಿದ್ದರು. ಗೊಣಗುವ ಮನುಷ್ಯ.

“ಮೇಡಂ, ಕಿಡ್ನಿ ವೀಕ್ ಇರೋರಿಗೆ ಆ ನೋವಿನ ಇಂಜೆಕ್ಷನ್ ಬೇಡ ಅಂತ ಸೋಮವಾರ ಹೊಸ ರೂಲ್ ಹಾಕಿದೀನಿ. ಇವತ್ತಿನವರೆಗೂ ಒಂದೇ ಒಂದು ಕೆಂಪು ಬಂದಿಲ್ಲ. ನಮ್ ಡಾಕ್ಟರುಗಳು ಅಷ್ಟೊಂದು ಒಳ್ಳೇವರಾಗ್ಬಿಟ್ರಾ?”

ನಕ್ಕೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಮಾಡೆಲ್‌ನ ಅಂಕ ನೋಡಿದೆ. ರೂಲ್ ಬದಲಾದ ದಿನ ಸ್ವಲ್ಪವಾದರೂ ಇಳಿಯಬೇಕಿತ್ತು. ಏರಿದೆ.

ಮಧ್ಯಾಹ್ನ

ಸಿಕ್ಕಿತು. ಅಯ್ಯೋ, ನನ್ನ ಬುದ್ಧಿಗಿಷ್ಟು!

ರೂಲ್ ನೋಡಿ ಕೊಟ್ಟ ಉತ್ತರ, ಕ್ಯಾಷ್‌ನಿಂದ ಎತ್ತಿಕೊಟ್ಟ ಉತ್ತರ — ಎರಡೂ ಒಂದೇ ದಾಖಲೆ ಪಟ್ಟಿಗೆ ಹೋಗಿ ಬೀಳುತ್ತಿವೆ. ಯಾವುದು ಯಾವುದೆಂಬ ಗುರುತಿಲ್ಲ. ಗುರುತು ಹಾಕದವಳು ನಾನೇ. ಇವತ್ತು ತಾನು ಉಳಿಸಿಕೊಂಡ ಹಳೆಯ ಉತ್ತರವನ್ನೇ ಮಾಡೆಲ್ ನಾಳೆ ಸರಿಯುತ್ತರವೆಂದು ಓದುತ್ತಿದೆ. ತನ್ನ ಪೇಪರ್ ತಾನೇ ತಿದ್ದಿ, ತಾನೇ ಬೆನ್ನು ತಟ್ಟಿಕೊಳ್ಳುತ್ತಿದೆ. ಅಂಕ ಏರದೆ ಇನ್ನೇನು?

ಮ್ಯಾನೇಜರ್ ಬಳಿ ಓಡಿದೆ, ಮಾಡೆಲ್ ಈಗಲೇ ಆಫ್ ಮಾಡೋಣ ಎಂದೆ. ‘ಇವತ್ತೇ ಸಾರ್’ ಎಂದು ನಾವಿಟ್ಟ ಹೆಸರು, ಎಲ್ಲವೂ ಅವರಿಗೆ ಇವತ್ತೇ ಆಗಬೇಕು. ಇದೊಂದನ್ನು ಬಿಟ್ಟು.

“ಆಫ್ ಮಾಡೋದಾ? ನಾಡಿದ್ದು ಮಂಡಳಿ ಮುಂದೆ ಚಕ್ರ ತಿರುಗಿಸ್ಕೊಂಡು ನಿಲ್ಲೋಣ್ವಾ? ತಪ್ಪು ಹಸಿರು ಒಂದಾದ್ರೂ ಕೈಲಿದ್ಯಾ? ತೋರಿಸಿ.”

“ಇನ್ನೂ ಇಲ್ಲ ಸಾರ್. ಆದ್ರೆ—”

“ಹಾಗಾದ್ರೆ ಶುಕ್ರವಾರ ಕಳೀಲಿ.”

ಹೂಂ ಅಂದೆ. ಯಾಕೆ ಅಂದೆ?

ಮಾರ್ಚ್ 5, ಗುರುವಾರ

ಈ ವಾರದ ಹಸಿರುಗಳನ್ನೆಲ್ಲ ಕ್ಯಾಷ್ ಮುಟ್ಟದೆ ನೇರ ರೂಲ್‌ಗಳಿಗೇ ಕೊಟ್ಟು ನೋಡಿದೆ. ಕೆಂಪು. ಇನ್ನೊಂದು ಕೆಂಪು.

ಯಾರನ್ನೂ ಕೇಳಲಿಲ್ಲ. ಆಫ್ ಮಾಡಿದೆ. ಆಮೇಲೆ ಮ್ಯಾನೇಜರ್‌ಗೆ ಹೇಳಿದೆ. ಕೂಗಾಡಿದರು. ಕೂಗಾಡಲಿ. ವಾರ್ಡುಗಳಿಗೆ ತಿಳಿಸೋಣವೆಂದು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಅಕ್ಕನದೇ ಬಂತು.

“ಲೇ, ಏಳನೇ ಬೆಡ್ಡಿನ ಅಜ್ಜಿಯ ನೋವಿನ ಇಂಜೆಕ್ಷನ್ನಿಗೆ ಈಗ ಕೆಂಪು ಬರ್ತಿದೆ. ಬೆಳಿಗ್ಗೆ ಹಸಿರಿತ್ತು.”

“ಆ ಇಂಜೆಕ್ಷನ್ ಕೊಡ್ಬೇಡ ಅಕ್ಕಾ.”

“ಬೆಳಿಗ್ಗೆನೇ ಕೊಟ್ಟಾಯ್ತು ಕಣೇ. ನಿನ್ನೆ ರಾತ್ರಿನೂ ಕೊಟ್ಟಿದ್ದೆ.”

ಸಂಜೆ, ಆಸ್ಪತ್ರೆ

ಮೇಟ್ರನ್ ಕೋಣೆಯ ಹೊರಗಿನ ಬೆಂಚು. ಫೋನಿನಲ್ಲೇ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಅಜ್ಜಿಗೆ ಮಧ್ಯಾಹ್ನದಿಂದ ಮೂತ್ರ ಹೋಗಿಲ್ಲ. ಡಯಾಲಿಸಿಸ್‌ಗೆ ಕರೆದೊಯ್ದರು. ಚಪ್ಪಲಿ ಮೆಟ್ಟಲೂ ನಿಲ್ಲದೆ ಮಗಳು ಸ್ಟ್ರೆಚರ್ ಹಿಂದೆ ಓಡಿದಳು. ಉಳಿಯುತ್ತಾರಾ ಎಂದು ಡಾಕ್ಟರನ್ನು ಕೇಳಿದೆ. ನಾಳೆಯವರೆಗೆ ಏನೂ ಹೇಳೋಕಾಗಲ್ಲ ಅಂದರು.

ಅಕ್ಕ ಪಕ್ಕದಲ್ಲೇ ಇದ್ದಾಳೆ. ಒಳಗಿನಿಂದ ಇನ್ನೂ ಕರೆದಿಲ್ಲ.

“ನೀನು ಬಾಯಿ ಬಿಡ್ಬೇಡ,” ಅಂದಳು. “ಸ್ಕ್ರೀನ್ ಸರಿಯಾಗಿ ನೋಡ್ಲಿಲ್ಲ ಅಂತ ನಾನೇ ಹೇಳ್ತೀನಿ. ಬೈದು ಬೇರೆ ವಾರ್ಡಿಗೆ ಹಾಕ್ತಾರೆ, ಅಷ್ಟೇ. ನಿಂದು ಈಗಿನ್ನೂ ಶುರು.”

“ನೀನು ನೋಡಿದೀಯಲ್ಲ ಅಕ್ಕಾ. ಹಸಿರೇ ಇತ್ತಲ್ಲ.”

“ನೋಡ್ದೆ. ಮೊದ್ಲಾಗಿದ್ರೆ ಕಿಡ್ನಿ ರಿಪೋರ್ಟ್ ತೆಗೆದು ಇನ್ನೊಂದ್ಸಲ ನೋಡ್ತಿದ್ದೆ. ನೀನು ಮಾಡಿದ್ದು ಅಂತ ನೋಡ್ಲಿಲ್ಲ.”

ಅಷ್ಟೇ ಅಂತೆ. ಅಷ್ಟೇ ಅಲ್ಲ, ಅವಳಿಗೂ ಗೊತ್ತು. ಅವಳ ಕೆಲಸ ಕಿತ್ತುಕೊಳ್ಳುತ್ತಾರೆ. ನಿನ್ನೆ ಮಧ್ಯಾಹ್ನ ಹೂಂ ಅನ್ನದಿದ್ದರೆ ಎರಡು ಇಂಜೆಕ್ಷನ್ನೂ ತಪ್ಪುತ್ತಿದ್ದವು. ಭಯವಾಗುತ್ತಿದೆ. ಅಜ್ಜಿಗಾಗಿ ಮಾತ್ರವಲ್ಲ. ನನಗಾಗಿಯೂ. ಥೂ.

ಮ್ಯಾನೇಜರ್ ಮೆಸೇಜ್: ‘ಏನೂ ಒಪ್ಪಿಕೊಳ್ಳಬೇಡಿ. ನಾನು ಬರುವವರೆಗೆ ಸುಮ್ಮನಿರಿ.’

ಬಾಗಿಲು ತೆರೆಯಿತು. ಅಕ್ಕನನ್ನು ಕರೆಯುತ್ತಿದ್ದಾರೆ. ಎದ್ದು, ಸೀರೆ ಸರಿಮಾಡಿಕೊಂಡು, ನನ್ನ ಭುಜ ಅದುಮಿ ಕೂರಿಸುತ್ತಿದ್ದಾಳೆ.

ಇಲ್ಲ ಅಕ್ಕಾ. ಮೊದಲು ನಾನು ಒಳಗೆ ಹೋಗಿ—