ಮೇಣದೊಳಗಿನ ಚೂರು

ಮಾರ್ಚ್ 11, 2003
ಇವತ್ತೂ ಮೋಟಾರ್ ವೈಂಡಿಂಗ್ ಅಂಗಡಿಯ ಕೆಲಸಕ್ಕೆ ಚಕ್ಕರ್. ಸ್ಕೂಲ್ ಬಿಟ್ಟ ಮೇಲೆ ಇದು ಮೂರನೇ ಅಂಗಡಿ, ಇದೂ ಬಹಳ ದಿನ ಇರಲಾರದು. ಅವ್ವನ ಎದೆಯ ಗಡ್ಡೆ ತೆಗೆದ ಟಿ. ನರಸೀಪುರದ ನರ್ಸಿಂಗ್ ಹೋಮಿಗೆ ಹೋಗಿದ್ದೆ. ರಿಪೋರ್ಟ್ ಬಂದಿತ್ತು. ಕ್ಯಾನ್ಸರ್. ಜೊತೆಗೊಂದು ಪುಟ್ಟ ಪ್ಲಾಸ್ಟಿಕ್ ಚೌಕ, ಅದರಲ್ಲಿ ಮೇಣ, ಮೇಣದೊಳಗೆ ಗಡ್ಡೆಯ ಚೂರು. ಬ್ಲಾಕ್ ಅಂದರು, ಜೋಪಾನ ಅಂದರು. ಯಾಕೆ ಅಂತ ಅವರು ಹೇಳಲಿಲ್ಲ.
ಅವ್ವನಿಗೆ ತಿಳಿಯಬಾರದು ಅಂತ ಅಪ್ಪನ ಅಪ್ಪಣೆ. "ಬರೀ ಗಡ್ಡೆ ಅಂತ ಏಳು." ನಾನು ಹಾಗೆ ಹೇಳಲಿಲ್ಲ. ಕ್ಯಾನ್ಸರ್ ಅಂತಲೂ ಹೇಳಲಿಲ್ಲ.

ಮಾರ್ಚ್ 14
ಗೂಡಿನಲ್ಲಿಟ್ಟಿದ್ದ ಬ್ಲಾಕ್ ಅಪ್ಪನ ಕಣ್ಣಿಗೆ ಬಿತ್ತು. "ಲಿಂಗ ಕಟ್ಟಿದ ಮೈ ಕಣ್ಲಾ ಅದು! ಪೂಜೆ ಮಾಡೋ ಮನೇಲಿ ಮಾಂಸ ಮಡಗ್ತೀಯಾ? ಮಣ್ಣಿಗೇ ಓಗ್ಬೇಕು."
ಹೊಲದಲ್ಲಿ ಅಜ್ಜಿಯ ಸಮಾಧಿ ಪಕ್ಕ ಹೂತ. ವಿಭೂತಿ, ಬಿಲ್ವಪತ್ರೆ — ಎಲ್ಲ ಸತ್ತವರಿಗೆ ಮಾಡುವ ಹಾಗೆಯೇ. ಅವ್ವ ಬದುವಿನ ಮೇಲೆ ಕೂತು ನಗುತ್ತಿದ್ದಳು. "ನನ್ನ ಮಣ್ಣಿಗೆ ನಾನೇ ಬಂದಿವ್ನಿ ನೋಡ್ಲಾ ಮದನಾ."

ಜುಲೈ 8
ಬರೆಯಲಾಗಲಿಲ್ಲ ಇಷ್ಟು ದಿನ. ಇಂಜೆಕ್ಷನ್, ವಾಂತಿ, ಕೂದಲು... ಈಗ ರೋಗ ಬೆನ್ನುಮೂಳೆಗೂ ಇಳಿದಿದೆ.
ಮೈಸೂರಿನ ಡಾಕ್ಟರ್ ಪವಿತ್ರ ಅವ್ವನನ್ನು ನೋಡಿ, ಇನ್ನು ಇಂಜೆಕ್ಷನ್ ತಡೆಯುವ ಶಕ್ತಿ ಇವರಿಗಿಲ್ಲ, ಒಂದು ಮಾತ್ರೆ ಇದೆ, ಎಲ್ಲರಿಗೂ ನಾಟುವುದಿಲ್ಲ ಅಂದರು. ನನ್ನ ಕೆಲಸ ಏನೆಂದು ಕೇಳಿದರು. ಮೋಟಾರ್ ವೈಂಡಿಂಗ್, ಕರೆಂಟ್ ಕೆಲಸ ಅಂದೆ.
"ಹಾಗಾದ್ರೆ ಕೇಳು. ಕೆಲವರ ಗಡ್ಡೆಯ ಜೀವಕೋಶದೊಳಗೆ ಬಲ್ಬ್ ಹೋಲ್ಡರ್ ಥರದ್ದೊಂದು ಇರುತ್ತೆ. ಮೈಯಲ್ಲಿರೋ ಹಾರ್ಮೋನು ಅದರಲ್ಲಿ ಕೂತ್ರೆ ಗಡ್ಡೆ ಬೆಳೆಯುತ್ತೆ. ಈ ಮಾತ್ರೆ ಉರಿಯದ ಬಲ್ಬ್ ಇದ್ದಹಾಗೆ. ಮೊದಲೇ ಹೋಗಿ ಜಾಗ ಹಿಡ್ಕೊಳ್ಳುತ್ತೆ."
"ಹೋಲ್ಡರೇ ಇಲ್ದಿದ್ರೆ ಮೇಡಂ?"
ಮೇಡಂ ರಿಪೋರ್ಟ್ ಮಡಚಿಟ್ಟರು. "ಬ್ಲಾಕ್ ತಗೊಂಡ್ಬಾ. ಪರೀಕ್ಷೆ ಮಾಡಿಸೋಣ."
ಹೂತುಬಿಟ್ಟಿದ್ದೇವೆ ಅಂದೆ. ಅಪ್ಪ ನನ್ನ ಕಾಲು ತುಳಿದ. ಇನ್ನೊಮ್ಮೆ ಹೇಳಿದೆ, ಜೋರಾಗಿ.

ಜುಲೈ 9
"ಊತದ್ದ ಕೀಳ್ಬಾರ್ದು ಕಣ್ಲಾ" ಅಂತ ಅಪ್ಪ ಗುದ್ದಲಿ ಮುಟ್ಟಲಿಲ್ಲ. ನಾನೇ ಅಗೆದೆ. ನನ್ನ ಗುದ್ದಲಿ ಏಟಿಗೆ ಅದು ಒಡೆದೀತೆಂದು ಹೆದರಿ ಆಮೇಲೆ ಅವನೇ ಮಂಡಿಯೂರಿದ, ಬೆರಳಲ್ಲಿ ಕೆದರಿದ.
ಸಿಕ್ಕಿತು. ಮೆತ್ತಿದ್ದ ಕೆಮ್ಮಣ್ಣನ್ನು ಪಂಚೆಯ ತುದಿಯಿಂದ ಒರೆಸಿದ — ಮಗುವಿನ ಮುಖ ಒರೆಸುವ ಹಾಗೆ.
"ಓಲ್ಡರ್ ಒಂದ್ ಇರ್ಲಪ್ಪಾ, ನಂಜುಂಡಾ" ಅಂದ.

ಜುಲೈ 22
ಮಣ್ಣು ಮೇಣದೊಳಕ್ಕೆ ಹೋಗಿರಲಿಲ್ಲವಂತೆ. ಪರೀಕ್ಷೆ ಚೆನ್ನಾಗಿಯೇ ಆಯಿತಂತೆ.
ಹೋಲ್ಡರ್ ಇಲ್ಲ.
ಡಾಕ್ಟರ್ ನೋವಿಗೆ ಮಾತ್ರ ಔಷಧಿ ಬರೆದರು. "ಊಳ್ದೇ ಇದ್ದಿದ್ರೆ ಸಿಕ್ತಿತ್ತಾ ತಾಯಿ?" ಅಪ್ಪ ಕೇಳಿದ. "ಆಗಲೂ ಇದೇ ಉತ್ತರ. ನಿಮ್ಮ ತಪ್ಪಲ್ಲ." ಬ್ಲಾಕ್ ವಾಪಸ್ ಕೊಟ್ಟರು. ನಮ್ಮೂರು ಬಿಳಿಗೆರೆಯಲ್ಲಿ ಬಸ್ ಇಳಿಯುವವರೆಗೂ ಅಪ್ಪ ಮುಷ್ಟಿ ಬಿಚ್ಚಲಿಲ್ಲ.

ಜುಲೈ 23
ಅಪ್ಪ ಹಾಲು ಕರೆಯುತ್ತಿದ್ದಾಗ ಅವ್ವ ಕೇಳಿದಳು. "ನೀನು ಸುಳ್ಳೇಳಾಕಿಲ್ಲ. ಏಳು, ಆ ಮಾತ್ರೆ ನಂಗೆ ನಾಟಾಕಿಲ್ವಾ?"
ನಾಟಲ್ಲ ಅಂದೆ. ಕ್ಯಾನ್ಸರ್ ಅಂತಲೂ ಹೇಳಿದೆ.
"ಅದು ಕೂದ್ಲು ಉದುರ್ದಾಗ್ಲೇ ಗೊತ್ತಾಯ್ತು, ಬುಡು. ನಂಗೆ ಗೊತ್ತು ಅಂತ ನಿಮ್ಮಪ್ಪಂಗೆ ಏಳ್ಬ್ಯಾಡ. ತಡ್ಕಳಾಕಿಲ್ಲ." ಸೆರಗು ತಲೆಗೆ ಎಳೆದುಕೊಂಡು, "ಆ ಚೂರ್ನ ಮತ್ತೆ ಅಲ್ಲೇ ಊತ್ಬುಡು. ನಮ್ಮತ್ತೆ ಮಗ್ಗುಲಿಗಲ್ಲ, ಒಸಿ ಈಚೆಗೆ. ನಡುವೆ ಒಂದಾಳ್ ಜಾಗ ಇರ್ಲಿ."

ಜುಲೈ 24
ಗುಂಡಿ ತೋಡಿದೆ. ಅವ್ವ ಹೇಳಿದಷ್ಟೇ ಜಾಗ ಬಿಟ್ಟು. ಅಪ್ಪ ವಿಭೂತಿ ಹಿಡಿದು ನಿಂತಿದ್ದ. ಸಮಾಧಿ ನೋಡಿದ, ಗುಂಡಿ ನೋಡಿದ.
"ಅಷ್ಟು ದೂರ ಯಾಕ್ಲಾ? ಯಾರೇಳಿದ್ರು?"
ಇಲ್ಲಿವರೆಗೆ ಅಪ್ಪನಿಗೆ ಒಂದು ಸುಳ್ಳೂ ಹೇಳಿದವನಲ್ಲ. "ಯಾರೂ ಹೇಳಿಲ್ಲಪ್ಪ, ನಾನೇ ಬಿಟ್ಟೆ" ಅಂದೆ.